ಆ ಕಾದಂಬರಿ ಓದಿ ನಮಗೇಕೆ ಬೇಸರವಾಯಿತು?

(ತಾಲ್ಲೂಕಿನ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಂಘದ ಸಭೆ ಎಂದರೆ ಉಳಿತಾಯ, ಸಾಲ, ಬಡ್ಡಿ, ಬ್ಯಾಂಕಿನ ಪಾಸ್‌ಬುಕ್ಕು. ಇದರ ನಡುವೆ ಕಾದಂಬರಿಗೇನು ಕೆಲಸ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅದೂ ಇಂಗ್ಲಿಷ್ ಕಾದಂಬರಿ. ಅದರಲ್ಲೂ ಹುಡುಗಿಯರು ಕಾಲೇಜು ಪುಸ್ತಕದ ನಡುವೆ ಬಚ್ಚಿಟ್ಟುಕೊಂಡು ಓದುವಂಥ ಹಸಿಬಿಸಿ ಪ್ರೇಮದ ಕಾದಂಬರಿ. ಆದರೂ ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ. ಯಾಕೆಂದರೆ ನಮ್ಮ ಸಂಘವೊಂದರಲ್ಲಿ ನಾಲ್ಕು ವಾರ ಇದೇ ಮಾತು ನಡೆಯಿತು. ವರದಕ್ಷಿಣೆ, ಹೊಡೆತ ಬಡಿತಗಳ ಬಗ್ಗೆ ನಾವು ವರ್ಷಗಟ್ಟಲೆ ಹೇಳಿದರೂ ಬಾಯಿ ಬಿಡದಿದ್ದವರು ಈ ಕಥೆಯ ನೆಪದಲ್ಲಿ ಬಾಯಿ ಬಿಟ್ಟರು.

ನಮ್ಮ ಸದಸ್ಯೆಯರ ಹೆಣ್ಣುಮಕ್ಕಳು ಈಗ ಡಿಗ್ರಿ ಓದುತ್ತಿದ್ದಾರೆ. ಕೆಲವರು ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದು ಕೆಲಸ ಮಾಡುತ್ತಿದ್ದಾರೆ. ಅಲ್ಲಿ ಫುಟ್‌ಪಾತಿನ ಮೇಲೆ ಹರವಿಕೊಂಡು ಮಾರುವ ಕಳ್ಳಮುದ್ರಣದ ಪ್ರತಿಯೊಂದು ಹೀಗೆ ನಮ್ಮೂರಿಗೆ ಬಂತು. ಮೂವರು ಹುಡುಗಿಯರು ಒಬ್ಬರಾದ ಮೇಲೊಬ್ಬರು ಓದಿದರು. ಮೂವರಿಗೂ ಬೇಸರವಾಯಿತು. "ಅದ್ರಾಗೆ ಏನೈತೆ ಅಂತ ಮೂರು ಜನಾನೂ ಮೊಖ ಊದಿಸ್ಕಂಡು ಕುಂತವ್ರೆ?" ಎಂದು ಅವರ ತಾಯಂದಿರು ನನ್ನನ್ನು ಕೇಳಿದರು. ನಾನು ಪುಸ್ತಕ ಓದಿ, ವಾರದ ಲೆಕ್ಕ ಮುಗಿದ ಮೇಲೆ ಅರ್ಧರ್ಧ ಗಂಟೆ ಕನ್ನಡದಲ್ಲಿ ಕಥೆ ಹೇಳಿದೆ. ಕೇಳಿದ ತಾಯಂದಿರಿಗೂ ಬೇಸರವಾಯಿತು. ಆದರೆ ಮಕ್ಕಳ ಬೇಸರ ಬೇರೆ, ತಾಯಂದಿರ ಬೇಸರ ಬೇರೆ.

ಪುಸ್ತಕದ ಹೆಸರು 'ಇಟ್ ಎಂಡ್ಸ್ ವಿತ್ ಅಸ್'. ನಮ್ಮ ಮಾತಿನಲ್ಲಿ ಹೇಳುವುದಾದರೆ 'ಇದು ನಮ್ಮಲ್ಲಿಗೇ ನಿಲ್ಲಲಿ' ಎಂದು. ಬರೆದವರು ಅಮೆರಿಕದ ಟೆಕ್ಸಾಸಿನ ಕೊಲೀನ್ ಹೂವರ್. ಬರವಣಿಗೆಗೆ ಬರುವ ಮೊದಲು ಸಮಾಜ ಕಾರ್ಯಕರ್ತೆಯಾಗಿ ಕೆಲಸ ಮಾಡಿದ ಹೆಂಗಸು. ಪುಸ್ತಕ ಬಂದದ್ದು 2016ರಲ್ಲಿ. ಕೆಲವು ವರ್ಷ ಕಳೆದ ಮೇಲೆ, ಹುಡುಗಿಯರು ಈ ಪುಸ್ತಕ ಹಿಡಿದು ಅಳುತ್ತಾ ಮೊಬೈಲಿನಲ್ಲಿ ವಿಡಿಯೋ ಹಾಕತೊಡಗಿದಾಗ ಅದರ ಮಾರಾಟ ಲಕ್ಷಗಟ್ಟಲೆ ಏರಿತು. 2024ರ ಆಗಸ್ಟಿನಲ್ಲಿ ಸಿನಿಮಾ ಕೂಡ ಆಯಿತು.

ಕಥೆ ಹೀಗಿದೆ. ನಾಯಕಿ ಲಿಲಿ. ಅವಳ ಅಪ್ಪ ತಮ್ಮ ಊರಿನ ಮೇಯರ್. ಮೇಯರ್ ಎಂದರೆ ನಮ್ಮ ಪುರಸಭೆ ಅಧ್ಯಕ್ಷರಿದ್ದ ಹಾಗೆ ಅಂದುಕೊಳ್ಳಿ. ಹೊರಗೆ ಹಾರ ತುರಾಯಿ, ಮನೆಯೊಳಗೆ ಹೆಂಡತಿಗೆ ಏಟು. ಅವನು ಸತ್ತಾಗ, ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳು ಎಂದು ಜನರ ಮುಂದೆ ನಿಲ್ಲಿಸಿದರೆ ಮಗಳು ಏನೂ ಹೇಳದೆ ಸುಮ್ಮನೆ ನಿಂತು ಇಳಿದು ಬರುತ್ತಾಳೆ. ಇಷ್ಟು ಹೇಳುವಷ್ಟರಲ್ಲೇ ನಮ್ಮ ಸಂಘದಲ್ಲಿ ಹಿಂದೆ ಕೂತಿದ್ದವರು ಮುಂದೆ ಸರಿದು ಕೂತರು.

ಅಪ್ಪನ ಅಂತ್ಯಕ್ರಿಯೆಯಾದ ರಾತ್ರಿ ಬಾಸ್ಟನ್ ನಗರದ ಒಂದು ಕಟ್ಟಡದ ಮೇಲೆ ಲಿಲಿಗೆ ರೈಲ್ ಎಂಬ ಡಾಕ್ಟರ ಪರಿಚಯವಾಗುತ್ತದೆ. ಮೆದುಳಿನ ಆಪರೇಷನ್ ಮಾಡುವ ಡಾಕ್ಟರು. ರೂಪವಂತ, ಹಣವಂತ. ಓದುಗರ ಕಣ್ಣಿಗೆ ಅವನು ಮೊಟ್ಟಮೊದಲು ಬೀಳುವುದು ಹೇಗೆ ಗೊತ್ತೇ? ಸಿಟ್ಟಿನಲ್ಲಿ ಅಲ್ಲಿದ್ದ ಕುರ್ಚಿಯನ್ನು ಒದೆಯುತ್ತಾ. ಆದರೆ ಮುಂದಿನ ಪುಟಗಳಲ್ಲಿ ಅವನ ಮಾತು, ನಗು, ಮೈಕಟ್ಟು ಎಲ್ಲ ಬಂದು ಆ ಕುರ್ಚಿ ನಮಗೆ ಮರೆತೇ ಹೋಗುತ್ತದೆ. ಮದುವೆ ಗಿದುವೆ ಬೇಡ, ದೇಹದ ಸಂಗ ಮಾತ್ರ ಸಾಕು ಎನ್ನುವವನು ಅವನು. ಲಿಲಿಯ ಮನೆ ಯಾವುದೆಂದು ಗೊತ್ತಿಲ್ಲದೆ ಆ ಕಟ್ಟಡದ ಬಾಗಿಲು ಬಾಗಿಲು ತಟ್ಟಿಕೊಂಡು ಬಂದು ಬೇಡಿಕೊಳ್ಳುತ್ತಾನೆ. ಓದುವ ಹುಡುಗಿಯರಿಗೆ ಇದು ಎಂಥ ಪ್ರೀತಿ ಎನ್ನಿಸುತ್ತದೆ. ನಮ್ಮೂರಿನಲ್ಲಿ ಒಬ್ಬ ಗಂಡಸು ಹೀಗೆ ಕೇರಿಯ ಮನೆ ಮನೆ ಬಾಗಿಲು ತಟ್ಟಿದ್ದರೆ ಏನು ಮಾಡುತ್ತಿದ್ದಿರಿ ಎಂದು ನಾನು ಕೇಳಿದೆ. "ಪೊರಕೆ ತಗಂತಿದ್ವಿ" ಎಂದು ಒಬ್ಬಾಕೆ ಹೇಳಿ ಎಲ್ಲರೂ ನಕ್ಕರು.

ಆಮೇಲೆ ಪ್ರೀತಿಯಾಗುತ್ತದೆ. ಹಸಿಬಿಸಿ ಪುಟಗಳು ಬರುತ್ತವೆ. ಲಿಲಿ ಹೂವಿನ ಅಂಗಡಿ ಇಡುತ್ತಾಳೆ. ಡಾಕ್ಟರನ ತಂಗಿಯೇ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಲಿಲಿಯ ಜೀವದ ಗೆಳತಿಯಾಗುತ್ತಾಳೆ. ಎಲ್ಲ ಚೆನ್ನಾಗಿದೆ ಎನ್ನುವಾಗ ಒಂದು ಸಂಜೆ ಡಾಕ್ಟರು ಒಲೆಯಿಂದ ಬಿಸಿ ಪಾತ್ರೆ ತೆಗೆಯಲು ಹೋಗಿ ಕೈ ಸುಟ್ಟುಕೊಳ್ಳುತ್ತಾನೆ. ಇಬ್ಬರೂ ಕುಡಿದಿದ್ದಾರೆ. ಅವಳಿಗೆ ನಗು ಬರುತ್ತದೆ. ಅವನ ಕೈ ಬೀಸುತ್ತದೆ, ಅವಳು ಬೀಳುತ್ತಾಳೆ. ಆಮೇಲೆ ಅಳು, ಕ್ಷಮೆ, ಇನ್ನೆಂದೂ ಇಲ್ಲ ಎಂಬ ಮಾತು. ಮದುವೆಯೂ ಆಗುತ್ತದೆ.

ಎರಡನೆಯ ಸಲ ಅವಳ ಫೋನಿನ ಕವರಿನೊಳಗೆ ಬೇರೊಬ್ಬನ ನಂಬರು ಸಿಗುತ್ತದೆ. ಅಟ್ಲಾಸ್ ಎಂಬವನದು. ಲಿಲಿ ಹದಿಹರೆಯದಲ್ಲಿದ್ದಾಗ ಪಕ್ಕದ ಪಾಳುಮನೆಯಲ್ಲಿ ಗತಿಯಿಲ್ಲದೆ ಮಲಗುತ್ತಿದ್ದ ಹುಡುಗ. ಅವನಿಗೆ ಇವಳು ಕದ್ದುಮುಚ್ಚಿ ಊಟ ಕೊಟ್ಟಿದ್ದಳು, ಪ್ರೀತಿಯೂ ಆಗಿತ್ತು. ಈಗ ಅದೇ ನಗರದಲ್ಲಿ ಹೋಟೆಲು ನಡೆಸುತ್ತಿದ್ದಾನೆ. ಆ ನಂಬರಿನ ಜಗಳದಲ್ಲಿ ಲಿಲಿ ಮೆಟ್ಟಿಲ ಮೇಲಿನಿಂದ ಕೆಳಗೆ ಉರುಳುತ್ತಾಳೆ. ಕಣ್ಣು ಬಿಟ್ಟಾಗ ಗಂಡ ಗಾಯಕ್ಕೆ ಮದ್ದು ಮಾಡುತ್ತಾ ಹೇಳುತ್ತಾನೆ, ನೀನು ಮೆಟ್ಟಿಲಿಂದ ಬಿದ್ದೆ ಎಂದು. ತಳ್ಳಿದವನೇ ಹೇಳುವ ಮಾತು ಇದು.

ಆಮೇಲೆ ಅವನು ತನ್ನ ದುಃಖ ಹೇಳಿಕೊಳ್ಳುತ್ತಾನೆ. ಆರು ವರ್ಷದವನಿದ್ದಾಗ ಆಟವಾಡುತ್ತಾ ಬಂದೂಕು ಹಾರಿ ಅವನ ಕೈಯಿಂದಲೇ ಅಣ್ಣ ಸತ್ತಿದ್ದ. ಅಂದಿನಿಂದ ಸಿಟ್ಟು ಬಂದರೆ ಕಣ್ಣು ಕತ್ತಲಾಗುತ್ತದೆಯಂತೆ. ಲಿಲಿ ಕರಗುತ್ತಾಳೆ. ಓದುವವರೂ ಕರಗುತ್ತಾರೆ. ಮೂರನೆಯ ಸಲ ಅವನು ಅವಳ ಹಳೆಯ ದಿನಚರಿ ಓದಿ, ಅವಳನ್ನು ಕಚ್ಚಿ, ಬಲಾತ್ಕಾರಕ್ಕೆ ಇಳಿಯುತ್ತಾನೆ. ತಪ್ಪಿಸಿಕೊಂಡು ಆಸ್ಪತ್ರೆಗೆ ಹೋದಾಗ ಅವಳಿಗೆ ತಾನು ಬಸುರಿ ಎಂದು ಗೊತ್ತಾಗುತ್ತದೆ.

ಕೊನೆಗೆ ಹೆರಿಗೆಯಾದ ಮೇಲೆ, ಹೆಣ್ಣುಮಗುವನ್ನು ಎತ್ತಿಕೊಂಡು ನಿಂತ ಗಂಡನಿಗೆ ಲಿಲಿ ತನಗೆ ವಿಚ್ಛೇದನ ಬೇಕೆಂದು ಹೇಳುತ್ತಾಳೆ. ಈ ಮಗಳು ನಾಳೆ ಬಂದು ನನ್ನವನು ನನ್ನನ್ನು ಮೆಟ್ಟಿಲಿಂದ ತಳ್ಳಿದ ಅಂದರೆ ನೀನು ಏನು ಹೇಳುತ್ತೀ ಎಂದು ಕೇಳುತ್ತಾಳೆ. ಅವನಲ್ಲಿ ಉತ್ತರವಿಲ್ಲ. ಅಳುತ್ತಾ ಒಪ್ಪುತ್ತಾನೆ. ಹನ್ನೊಂದು ತಿಂಗಳಾದ ಮೇಲೆ ಅವಳಿಗೆ ದಾರಿಯಲ್ಲಿ ಅಟ್ಲಾಸ್ ಸಿಗುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಈಗ ಹುಡುಗಿಯರ ಬೇಸರಕ್ಕೆ ಬರುತ್ತೇನೆ. ಪುಸ್ತಕದ ಮೇಲೆ ಹೂವಿನ ಚಿತ್ರ, ಪ್ರೇಮ ಕಾದಂಬರಿ ಎಂಬ ಹೆಸರು. ಒಳಗೆ ಇದು. ಮೋಸವಾಯಿತು ಎಂದರು. ಅದು ಮೇಲುಮಾತು. ಅವರಲ್ಲಿ ಒಬ್ಬಳು ನಿಜವಾದ ಮಾತು ಹೇಳಿದಳು: "ಆಂಟಿ, ಮೊದಲನೇ ಸಲ ಅವನು ಹೊಡೆದಾಗ ನಾನು ಅವನ ಪರವಾಗಿ ಯೋಚನೆ ಮಾಡ್ದೆ. ಕೈ ಸುಟ್ಟಿತ್ತು, ಆಪರೇಷನ್ ಮಾಡೋ ಕೈ ಅಲ್ವಾ, ಇವಳು ನಗಬಾರದಿತ್ತು ಅಂತ. ನಾನು ಹಾಗೆ ಯೋಚನೆ ಮಾಡ್ದೆ ಅನ್ನೋದೇ ನಂಗೆ ಬೇಜಾರು." ಇನ್ನೊಬ್ಬಳಿಗೆ ಕೊನೆಯವರೆಗೂ ಅವನು ಸರಿಹೋಗುತ್ತಾನೆ, ಇಬ್ಬರೂ ಒಂದಾಗುತ್ತಾರೆ ಎಂಬ ಆಸೆಯಿತ್ತು. ಆಗಲಿಲ್ಲವೆಂದು ಸಿಟ್ಟು, ಆಸೆಪಟ್ಟೆನಲ್ಲ ಎಂದು ಇನ್ನಷ್ಟು ಸಿಟ್ಟು.

ಈ ಬೇಸರ ನಮ್ಮೂರಿನ ಹುಡುಗಿಯರದು ಮಾತ್ರವಲ್ಲ. ಅಮೆರಿಕದಲ್ಲೇ ಎಷ್ಟೋ ಓದುಗರು ಇದೇ ತಕರಾರು ಎತ್ತಿದ್ದಾರೆ. ಹೊಡೆಯುವವನನ್ನು ಇಷ್ಟು ಚಂದ ಮಾಡಿ ಬರೆಯಬೇಕಿತ್ತೇ, ಅವನಿಗೊಂದು ಕಣ್ಣೀರಿನ ಬಾಲ್ಯ ಕೊಟ್ಟು ನಮ್ಮ ಮರುಕವನ್ನೆಲ್ಲ ಅವನ ಕಡೆಗೆ ತಿರುಗಿಸಬೇಕಿತ್ತೇ ಎಂದು. 2023ರ ಜನವರಿಯಲ್ಲಿ ಈ ಕಾದಂಬರಿಯ ಮೇಲೆ ಬಣ್ಣ ತುಂಬುವ ಪುಸ್ತಕವೊಂದನ್ನು ತರುತ್ತೇವೆಂದು ಪ್ರಕಾಶಕರು ಸಾರಿದರು. ಮಕ್ಕಳು ಬಣ್ಣ ತುಂಬುತ್ತಾರಲ್ಲ, ಅಂಥದು, ದೊಡ್ಡವರಿಗಾಗಿ. ಹೆಂಡತಿಗೆ ಹೊಡೆಯುವ ಕಥೆಗೆ ಬಣ್ಣ ತುಂಬುವುದೇ ಎಂದು ಓದುಗರು ಉಗಿದ ಮೇಲೆ ಮರುದಿನವೇ ಅದನ್ನು ಕೈಬಿಟ್ಟರು. ಲೇಖಕಿಯೂ ಕ್ಷಮೆ ಕೇಳಿದರು. ಸಿನಿಮಾ ಬಂದಾಗಲೂ ಹೂವಿನ ಬಟ್ಟೆ ತೊಟ್ಟು ಗೆಳತಿಯರನ್ನು ಕಟ್ಟಿಕೊಂಡು ಬನ್ನಿ ಎಂಬಂತೆ ಪ್ರಚಾರ ನಡೆಯಿತು, ಅದಕ್ಕೂ ಆಕ್ಷೇಪ ಬಂತು. ಮಾರುವವರಿಗೆ ಎಲ್ಲವೂ ಮಾರುವ ಸರಕೇ.

ಆದರೆ ಲೇಖಕಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಪುಸ್ತಕದ ಕೊನೆಯಲ್ಲಿ ಆಕೆ ಬರೆದುಕೊಂಡಿದ್ದಾರೆ, ತನ್ನ ತಾಯಿಯೂ ಹೊಡೆತ ತಿಂದವಳು, ತಾನು ಚಿಕ್ಕವಳಿದ್ದಾಗಲೇ ತಂದೆಯನ್ನು ಬಿಟ್ಟು ಬಂದವಳು ಎಂದು. ತಾಯಿ ಯಾಕೆ ಅಷ್ಟು ದಿನ ಇದ್ದಳು ಎಂಬುದನ್ನು ತಿಳಿಯಲು ಬರೆದಂತಿದೆ. ಹೊಡೆಯುವವನು ಮೊದಲ ದಿನದಿಂದಲೇ ರಾಕ್ಷಸನ ಹಾಗಿದ್ದರೆ ಯಾವ ಹೆಣ್ಣು ಅವನನ್ನು ಒಪ್ಪುತ್ತಾಳೆ ಹೇಳಿ? ನೋಡಲು ಬಂದಾಗ ತಲೆತಗ್ಗಿಸಿ ಕಾಫಿ ಕುಡಿದವನೇ ಮೂರು ತಿಂಗಳಾದ ಮೇಲೆ ಬೆಲ್ಟು ಬಿಚ್ಚುವುದು. ಆ ಹುಡುಗಿ ಮೊದಲ ಏಟಿಗೆ ಅವನ ಪರವಾಗಿ ಯೋಚಿಸಿದಳಲ್ಲ, ನಮ್ಮ ಮನೆಗಳಲ್ಲಿ ಅತ್ತೆ, ಅಮ್ಮ, ಪಕ್ಕದ ಮನೆಯಾಕೆ, ಕೊನೆಗೆ ಏಟು ತಿಂದವಳು ಕೂಡ ಅದನ್ನೇ ಯೋಚಿಸುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 2019-21ರಲ್ಲಿ ನಮ್ಮ ರಾಜ್ಯದಲ್ಲಿ ಕೇಳಿದಾಗ ನೂರರಲ್ಲಿ ಸುಮಾರು 77 ಹೆಂಗಸರು ಯಾವುದಾದರೊಂದು ಕಾರಣಕ್ಕೆ ಗಂಡ ಹೊಡೆಯುವುದು ಸರಿ ಎಂದಿದ್ದಾರೆ. ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ಹೇಳದೆ ಹೊರಗೆ ಹೋದರೆ, ಹೀಗೆ. ಅದೇ ಸಮೀಕ್ಷೆಯಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಅದು 20ರ ಆಸುಪಾಸಿನಲ್ಲಿತ್ತು. ಹಿಂಸೆ ಅಷ್ಟು ಹೆಚ್ಚಿತೋ, ಹೇಳುವವರು ಹೆಚ್ಚಿದರೋ, ಎರಡೂ ಇರಬಹುದು.

ಹಾಗಾಗಿ ಆ ಹುಡುಗಿಗೆ ನಾನು ಹೇಳಿದ್ದು, ನಿನ್ನ ಬೇಜಾರು ಒಳ್ಳೆಯದು, ಅದನ್ನು ಕಳೆದುಕೊಳ್ಳಬೇಡ ಅಂತ.

ನಮ್ಮಲ್ಲಿ ಹಿರಿಯರೊಬ್ಬರಿಗೆ ಬೇರೆಯೇ ಆಕ್ಷೇಪವಿತ್ತು. ಹಾಸಿಗೆಯ ವಿಷಯವನ್ನೆಲ್ಲ ಬರೆದ ಪುಸ್ತಕವನ್ನು ಹೆಣ್ಣುಮಕ್ಕಳ ಕೈಗೆ ಕೊಡುವುದೇ ತಪ್ಪು, ಒಲೆಗೆ ಹಾಕಿ ಎಂದರು. 2012ರಲ್ಲಿ ಇಂಗ್ಲೆಂಡಿನಲ್ಲೂ ಹೀಗಾಗಿತ್ತು. 'ಫಿಫ್ಟಿ ಶೇಡ್ಸ್ ಆಫ್ ಗ್ರೇ' ಎಂಬ ಇಂಥದೇ ಕಾದಂಬರಿ ಮನೆಮನೆಗೆ ನುಗ್ಗಿದ್ದಾಗ, ನೊಂದ ಹೆಂಗಸರಿಗೆ ಆಶ್ರಯ ಕೊಡುವ ಅಲ್ಲಿನ ಒಂದು ಸಂಸ್ಥೆಯ ಮುಖ್ಯಸ್ಥೆ ಪ್ರತಿಗಳನ್ನು ತನ್ನಿ, ಸುಡೋಣ ಎಂದು ಕರೆ ಕೊಟ್ಟಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಹೆಣ್ಣನ್ನು ಹಿಡಿತದಲ್ಲಿಡುವುದನ್ನೇ ಪ್ರೀತಿ ಎಂದು ಆ ಪುಸ್ತಕ ತೋರಿಸುತ್ತದೆಂದು ಅವರು ಹೇಳಿದ್ದು ಸುಳ್ಳಲ್ಲ. ಆದರೆ ಸುಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಸ್ಟೋವ್ ಸಿಡಿದು ಸತ್ತರೆಂದು ಬರೆಸಿದ ಹೆಣ್ಣುಗಳ ಲೆಕ್ಕ ಇಟ್ಟವರು ನಾವು. ಬೆಂಕಿ ಹಚ್ಚುವ ಮಾತು ನಮ್ಮ ಬಾಯಲ್ಲಿ ಬರಬಾರದು.

ಹಾಸಿಗೆಯ ಪುಟಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಆ ಹಿರಿಯರದಕ್ಕಿಂತ ಬೇರೆ. ಹೆಣ್ಣಿಗೂ ಆಸೆಯಿದೆ. ಅದನ್ನು ಓದಿ ಹುಡುಗಿ ಕೆಡುವುದಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ತನಗೆ ಬೇಕು, ಬೇಡ ಎಂದು ಹೇಳುವ ಧೈರ್ಯವಿಲ್ಲದ ಎಷ್ಟು ಜನ ನಮ್ಮ ನಡುವೆ ಇದ್ದೇವೆ! ಆ ಪುಟಗಳಲ್ಲಿ ಲಿಲಿಯನ್ನು ಕೇಳುತ್ತಾರೆ, ಅವಳು ಒಪ್ಪುತ್ತಾಳೆ. ಮೂರನೆಯ ಹಿಂಸೆಯ ಪುಟದಲ್ಲಿ ಅದೇ ಗಂಡ, ಅದೇ ಹಾಸಿಗೆ, ಅವಳು ಬೇಡ ಅಂದರೂ ಬಿಡುವುದಿಲ್ಲ. ವ್ಯತ್ಯಾಸ ಇರುವುದು ಅಲ್ಲಿ. ಅಮೆರಿಕದಲ್ಲಿ 1993ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಗಂಡನ ಬಲಾತ್ಕಾರ ಅಪರಾಧವಾಗಿದೆ. ನಮ್ಮಲ್ಲಿ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯೂ ವಯಸ್ಕ ಹೆಂಡತಿಯ ವಿಷಯದಲ್ಲಿ ಗಂಡನಿಗೆ ಹಳೆಯ ವಿನಾಯಿತಿಯನ್ನೇ ಉಳಿಸಿದೆ. 2022ರ ಮಾರ್ಚಿನಲ್ಲಿ ನಮ್ಮ ಹೈಕೋರ್ಟು ಒಬ್ಬ ಗಂಡನ ಮೇಲೆ ಅತ್ಯಾಚಾರದ ವಿಚಾರಣೆ ನಡೆಯಲಿ ಎಂದಿತ್ತು. ಅದಕ್ಕೆ ಅದೇ ವರ್ಷ ಸುಪ್ರೀಂ ಕೋರ್ಟಿನ ತಡೆ ಬಂತು. ಆದರೆ ಒಂದು ನೆನಪಿಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಲೈಂಗಿಕ ಹಿಂಸೆಯೂ ಹಿಂಸೆಯೇ. ಗಂಡನೇ ಮಾಡಿದರೂ ಅದರಡಿ ರಕ್ಷಣೆ ಕೇಳಬಹುದು.

ಇನ್ನು ತಾಯಂದಿರ ಬೇಸರ. ಕಥೆ ಮುಗಿದ ದಿನ ಅವರು ಅಳಲಿಲ್ಲ. ಒಬ್ಬಾಕೆ ಹೇಳಿದರು: "ಇಷ್ಟೇನಾ? ಅವಳು ಬ್ಯಾಡ ಅಂದ್ಲು, ಅವನು ಅತ್ಕಂಡು ಹೂಂ ಅಂದ. ನಮ್ಮನ್ಯಾಗೆ ಹಿಂಗಾಯ್ತದ ಅಕ್ಕ?" ಇದು ಅವರ ಮೊದಲ ತಕರಾರು. ನಮ್ಮ ಅನುಭವದಲ್ಲಿ ಹೆಣ್ಣು ಬಿಟ್ಟು ಹೊರಡುತ್ತೇನೆ ಎಂದ ದಿನವೇ ಅತಿ ಅಪಾಯದ ದಿನ. ಅಷ್ಟರವರೆಗೆ ಕೈಯಲ್ಲಿ ಹೊಡೆದವನು ಅವತ್ತು ಮಚ್ಚು ತೆಗೆಯುತ್ತಾನೆ, ಮಕ್ಕಳನ್ನು ಕಿತ್ತುಕೊಳ್ಳುತ್ತಾನೆ, ಸೀಮೆಎಣ್ಣೆ ಸುರಿದುಕೊಳ್ಳುತ್ತೇನೆಂದು ಹೆದರಿಸುತ್ತಾನೆ. ಕಾದಂಬರಿಯ ಡಾಕ್ಟರು ಆ ದಿನ ಸುಮ್ಮನಾಗಿಬಿಡುತ್ತಾನೆ. ಇಡೀ ಪುಸ್ತಕದಲ್ಲಿ ನನಗೂ ನಂಬಲು ಕಷ್ಟವಾದ ಜಾಗ ಅದೇ.

ಎರಡನೆಯದು ದುಡ್ಡು. ಲಿಲಿಗೆ ತನ್ನದೇ ಅಂಗಡಿ.  ಅಲ್ಲಿ ವರದಕ್ಷಿಣೆಯಿಲ್ಲ. ನಮ್ಮಲ್ಲಿ ತವರಿನವರು ಎಕರೆ ಮಾರಿಯೋ, ಬಡ್ಡಿಗೆ ತಂದೋ ಕೊಟ್ಟಿರುತ್ತಾರೆ; ಮಗಳು ವಾಪಸು ಬಂದರೆ ಕೊಟ್ಟದ್ದೂ ಹೋಯಿತು, ಮರ್ಯಾದೆಯೂ ಹೋಯಿತು ಎಂಬ ಲೆಕ್ಕ. ಇಲ್ಲಿ ಸ್ವಲ್ಪ ಕಹಿಯಾದ ಮಾತೊಂದನ್ನು ಹೇಳಬೇಕು. ಸಂಘದಿಂದ 'ಮದುವೆ ಖರ್ಚು' ಎಂದು ಬರೆಸಿ ನಾವು ಕೊಡುವ ಸಾಲದಲ್ಲಿ ಬೈಕಿಗೆ ಎಷ್ಟು ಹೋಗುತ್ತದೆ, ಉಂಗುರಕ್ಕೆ ಎಷ್ಟು ಹೋಗುತ್ತದೆ ಎಂದು ನಮಗೆ ಗೊತ್ತಿದೆ. ನಡಾವಳಿ ಪುಸ್ತಕದಲ್ಲಿ ಅದು ಇರುವುದಿಲ್ಲ. ಹೆಂಡತಿ ತಂದ ಸಂಘದ ಸಾಲವನ್ನು ಗಂಡ ಕಿತ್ತುಕೊಳ್ಳುವುದು, ಕಂತು ಮಾತ್ರ ಇವಳು ಕೂಲಿ ಮಾಡಿ ಕಟ್ಟುವುದು, ಇದೂ ಅದೇ ಕಾಯ್ದೆಯ ಪ್ರಕಾರ ಆರ್ಥಿಕ ಹಿಂಸೆ.

ಆ ಮನೆಯ ವಿಷಯದಲ್ಲಿ ಮಾತ್ರ ನಮ್ಮ ಕಾಯ್ದೆ ಗಟ್ಟಿಯಾಗಿದೆ. ಹೊಡೆತ ತಿಂದವಳೇ ಬಟ್ಟೆಗಂಟು ಹಿಡಿದು ಹೊರಡಬೇಕಾಗಿಲ್ಲ. ಬಾಳಿದ ಮನೆಯಲ್ಲೇ ಇರುವ ಹಕ್ಕು ಅವಳಿಗಿದೆ, ಪತ್ರ ಅವಳ ಹೆಸರಿನಲ್ಲಿ ಇಲ್ಲದಿದ್ದರೂ. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಸೊಸೆಗೆ ಆ ಹಕ್ಕು ಸಿಗಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇದನ್ನು ಹೇಳಿದಾಗ ಒಬ್ಬಾಕೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಮೂರನೆಯದು ಅಟ್ಲಾಸ್. ಬಿಟ್ಟವಳಿಗೆ ಇನ್ನೊಬ್ಬ ಒಳ್ಳೆಯ ಗಂಡಸು ಕಾದು ಕೂತಿದ್ದಾನೆ. ತಾಯಂದಿರಿಗೆ ಇದು ಹಿಡಿಸಲೇ ಇಲ್ಲ. ನೀತಿಯ ಕಾರಣಕ್ಕೆ ಅಲ್ಲ, ಲಿಲಿ ಇನ್ನೊಬ್ಬನನ್ನು ಕಟ್ಟಿಕೊಂಡರೆ ಅವರಿಗೆ ಸಂತೋಷವೇ. "ಅವನು ಇರ್ನಿಲ್ಲ ಅಂದಿದ್ರೆ ಇವ್ಳು ಬಿಡ್ತಿದ್ಲಾ?" ಎಂಬುದು ಅವರ ಪ್ರಶ್ನೆ. ಬಿಡುವವಳಿಗೆ ಕಾಯುವ ಗಂಡಸು ಇರಲೇಬೇಕೆಂದರೆ ಬಿಡುವವರೇ ಇಲ್ಲ. ಜೊತೆಗೆ ಇನ್ನೊಂದು ತೊಂದರೆ: ಅಟ್ಲಾಸ್ ಇರುವುದರಿಂದ ಗಂಡನ ಸಂಶಯಕ್ಕೂ ಒಂದು ಕಾರಣ ಸಿಕ್ಕಿಬಿಡುತ್ತದೆ. ನಮ್ಮ ತ್ರಿವೇಣಿಯವರ 'ಶರಪಂಜರ' ನೆನಪಿಸಿಕೊಳ್ಳಿ. ಓದದಿದ್ದವರೂ 1971ರ ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಕಲ್ಪನಾ ಕಾವೇರಿಯಾಗಿ ಅತ್ತದ್ದನ್ನು ನೋಡಿದ್ದೀರಿ. ಅಲ್ಲೂ ಗಂಡನ ಕಣ್ಣಿಗೆ ಚುಚ್ಚುವುದು ಹೆಂಡತಿಯ ಮದುವೆಗೆ ಮುಂಚಿನ ಸಂಗತಿ. ಅಲ್ಲಿ ಏಟಿಲ್ಲ, ರಕ್ತವಿಲ್ಲ. ಮಾತಿನಲ್ಲಿ, ಮೌನದಲ್ಲಿ, ಬೆನ್ನು ತಿರುಗಿಸುವುದರಲ್ಲಿಯೇ ಅವಳನ್ನು ಮತ್ತೆ ಮಾನಸಿಕ ಆಸ್ಪತ್ರೆಗೆ ತಳ್ಳುತ್ತಾರೆ. ಅವಳಿಗೆ ಯಾರೂ ಕಾದು ಕೂತಿರಲಿಲ್ಲ. ನನ್ನ ಮಟ್ಟಿಗೆ ಅದು ಇದಕ್ಕಿಂತ ನಿಜವಾದ ಪುಸ್ತಕ.

ನಾಲ್ಕನೆಯದು ಮಗು. ಕೊನೆಯಲ್ಲಿ ಲಿಲಿ ಮಗುವನ್ನು ಗಂಡನ ಕೈಗೆ ಕೊಟ್ಟು ಬರಲು ಹೊರಟಿರುತ್ತಾಳೆ. ಇಬ್ಬರೂ ಹಂಚಿಕೊಂಡು ಸಾಕುತ್ತಿದ್ದಾರೆ. ಇಷ್ಟು ಕೇಳಿದ್ದೇ ತಡ, ಸಂಘದಲ್ಲಿ ಗದ್ದಲವೆದ್ದಿತು. ಸಿಟ್ಟು ಬಂದರೆ ಕಣ್ಣು ಕತ್ತಲಾಗುತ್ತದೆ ಎಂದವನ ಕೈಗೆ ಎಳೆಗೂಸನ್ನು ಕೊಡುವುದೇ? ಅಪ್ಪನಿಗೆ ಮಗುವನ್ನು ನೋಡುವ ಹಕ್ಕಿಲ್ಲವೇ ಎಂದು ಕೆಲವರು. ನಮ್ಮ ಕಾಯ್ದೆಯ 21ನೆಯ ಕಲಮು ಇದಕ್ಕೇ ಇದೆ. ಮ್ಯಾಜಿಸ್ಟ್ರೇಟರು ಮಗುವನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಬಹುದು. ತಂದೆ ಬಂದು ನೋಡುವುದರಿಂದ ಮಗುವಿಗೆ ಕೇಡು ಎನ್ನಿಸಿದರೆ ಆ ಭೇಟಿಯನ್ನೇ ನಿರಾಕರಿಸಬೇಕು.

ಹಾಗೆಂದು ತಾಯಂದಿರಿಗೆ ಪುಸ್ತಕದಲ್ಲಿ ಏನೂ ಹಿಡಿಸಲಿಲ್ಲ ಎಂದಲ್ಲ. ಎರಡು ಜಾಗ ಅವರಿಗೆ ಬಹಳ ಹಿಡಿಸಿದವು. ಒಂದು, ಲಿಲಿಯ ತಾಯಿ ಮಗಳಿಗೆ ಹೇಳುವ ಮಾತು. ಪ್ರತಿ ಸಲ ಸಹಿಸಿದಾಗಲೂ ನಮ್ಮ ಸಹನೆಯ ಗೆರೆ ಇನ್ನಷ್ಟು ಹಿಂದೆ ಸರಿಯುತ್ತದೆ, ಕೊನೆಗೆ ಗೆರೆ ಎಲ್ಲಿತ್ತೆಂದೇ ಮರೆಯುತ್ತದೆ, ನೀನು ನನ್ನ ಹಾಗೆ ಆಗಬೇಡ ಎಂಬ ಅರ್ಥದ ಮಾತು. ಹೊಂದಿಕೊಂಡು ಹೋಗು ಎನ್ನದ ತಾಯಿ! ಇನ್ನೊಂದು, ಡಾಕ್ಟರನ ತಂಗಿಯದು. ತಂಗಿಯಾಗಿ ನೀನು ನನ್ನ ಅಣ್ಣನನ್ನು ಕ್ಷಮಿಸಲಿ ಎಂದು ಆಸೆಪಡುತ್ತೇನೆ, ಗೆಳತಿಯಾಗಿ ಹೇಳುವುದಾದರೆ ಅವನನ್ನು ಮತ್ತೆ ಸೇರಿಸಿಕೊಂಡರೆ ನಿನ್ನ ಜೊತೆ ಮಾತೇ ಬಿಡುತ್ತೇನೆ ಎನ್ನುತ್ತಾಳೆ. "ಇಂಥಾ ನಾದಿನಿ ಎಲ್ಲಿ ಸಿಕ್ತಾಳೆ?" ಎಂದ ಒಬ್ಬಾಕೆಗೆ ಪಕ್ಕದಲ್ಲಿದ್ದವರು, "ನೀನೂ ಒಬ್ಬಳ ನಾದಿನಿನೇ ಅಲ್ವೇನೆ" ಎಂದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮೂರನೆಯ ವಾರ ಮೆಟ್ಟಿಲಿನ ಪ್ರಸಂಗ ಹೇಳುತ್ತಿದ್ದೆ. ಗಂಡ ತಾನೇ ತಳ್ಳಿ ನೀನು ಬಿದ್ದೆ ಎನ್ನುತ್ತಾನೆ ಎಂದೆ. ಗೋಡೆಗೊರಗಿ ಕೂತಿದ್ದ ಒಬ್ಬಾಕೆ, "ನಾನೂ ಬಿದ್ದಿದ್ದೆ ಕಣಕ್ಕ, ದೀಪಾವಳಿ ಮುಂಚೆ" ಎಂದಳು. ಆಕೆ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದಳೆಂದು ನಾವೆಲ್ಲ ನಂಬಿದ್ದೆವು. ನೋಡಲು ಹೋಗಿ ಹಣ್ಣು ಕೊಟ್ಟು ಬಂದಿದ್ದೆವು. ಆಸ್ಪತ್ರೆಯ ಚೀಟಿಯಲ್ಲೂ ಆಕೆ ಹೇಳಿದಂತೆ ಬಚ್ಚಲೆಂದೇ ಬರೆದಿತ್ತು. ಮದುವೆಯಲ್ಲಿ ಒಪ್ಪಿಕೊಂಡು ಕೊಡದೆ ಉಳಿದ ಬೈಕಿನ ಮಾತು ಆರು ವರ್ಷವಾದರೂ ಆ ಮನೆಯಲ್ಲಿ ಮುಗಿದಿರಲಿಲ್ಲ. ಆಕೆಯ ಒಪ್ಪಿಗೆ ಪಡೆದು, ಗುರುತು ಹತ್ತುವಂಥದ್ದನ್ನು ಬದಲಿಸಿ ಇದನ್ನು ಹೇಳುತ್ತಿದ್ದೇನೆ.

ಅಂದು ಆಕೆಯನ್ನು ಯಾರೂ ಹೆಚ್ಚು ಕೆದಕಲಿಲ್ಲ. ಮುಂದಿನ ವಾರ ತಾನಾಗಿಯೇ ಕೇಳಿದಳು, ಏನು ಮಾಡಬಹುದು ಅಂತ. ಇಬ್ಬರು ಸದಸ್ಯೆಯರು ಜೊತೆಗೆ ಹೋಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ ಕೂತರು. ನಮ್ಮ ತಾಲ್ಲೂಕುಗಳಲ್ಲಿ ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ವರದಿ ಬರೆಸಿ, ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹೋಯಿತು. ವಕೀಲರ ಖರ್ಚಿಗೆ ದುಡ್ಡಿಲ್ಲವೆಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಹೆಂಗಸರಿಗೆ ಉಚಿತವಾಗಿ ವಕೀಲರು ಸಿಗುತ್ತಾರೆ, ಆದಾಯ ಎಷ್ಟಿದ್ದರೂ. ಹೊಡೆಯಬಾರದೆಂದು, ಮನೆಯಿಂದ ಹೊರಹಾಕಬಾರದೆಂದು ಮಧ್ಯಂತರ ಆದೇಶವಾಯಿತು. ಆ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಸ್ಪತ್ರೆಯ ಚೀಟಿ ಮಾತ್ರ ನಮಗೆ ಅಡ್ಡ ಬಂತು. ಬಿದ್ದೆ ಎಂದು ಬರೆದದ್ದನ್ನು ಹೊಡೆದ ಎಂದು ಮಾಡುವುದು ಸುಲಭವಲ್ಲ. ನಿಮಗೆ ಆಗಲಿ, ನಿಮ್ಮ ಪಕ್ಕದವರಿಗೆ ಆಗಲಿ, ಡಾಕ್ಟರ ಮುಂದೆ ನಿಜ ಹೇಳಿಬಿಡಿ. ಅದು ದಾಖಲೆಯಲ್ಲಿ ಉಳಿಯುತ್ತದೆ. ದೂರು ಕೊಡುವುದು ಬಿಡುವುದು ಆಮೇಲಿನ ಮಾತು.

ಆಕೆ ಈಗ ಅದೇ ಮನೆಯಲ್ಲಿದ್ದಾಳೆ. ಗಂಡ ಹೊಡೆಯುತ್ತಿಲ್ಲ. ಮಾತೂ ಆಡುತ್ತಿಲ್ಲ, ರೇಷನ್ನಿಗೆ ದುಡ್ಡೂ ಕೊಡುತ್ತಿಲ್ಲ. ಜೀವನಾಂಶದ ಅರ್ಜಿಯ ವಿಚಾರಣೆ ಇನ್ನೂ ನಡೆಯುತ್ತಿದೆ, ಎರಡು ಸಲ ಮುಂದಕ್ಕೆ ಹೋಗಿದೆ. 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆಯಲ್ಲಿದೆ, ಕೋರ್ಟಿನ ಕಟ್ಟೆಯ ಮೇಲೆ ಕೂತವರಿಗೆ ಅದು ಎಷ್ಟು ದಿನವೆಂದು ಗೊತ್ತು. ಸಂಘದ ಕಂತನ್ನು ಮೂರು ತಿಂಗಳು ಮುಂದೂಡಲು ಎಲ್ಲರೂ ಒಪ್ಪಿದ್ದಾರೆ. ಕಾದಂಬರಿ ಮುಗಿದ ದಿನ ಆಕೆ ಅಟ್ಲಾಸಿನ ಬಗ್ಗೆ ಒಂದೂ ಮಾತು ಕೇಳಲಿಲ್ಲ. "ಹೂವಿನಂಗಡಿ ಏನಾತು? ನಡೀತಾ?" ಎಂದಷ್ಟೇ ಕೇಳಿದಳು. ನಡೆಯುತ್ತಿದೆ ಎಂದೆ.

181ಕ್ಕೆ ಫೋನು ಮಾಡಿದರೆ ಮಹಿಳಾ ಸಹಾಯವಾಣಿ, ತುರ್ತಿದ್ದರೆ 112. ಇದನ್ನು ಪ್ರತಿ ಸಂಘದ ನಡಾವಳಿ ಪುಸ್ತಕದ ಒಳರಟ್ಟಿನಲ್ಲಿ ಬರೆದಿಡಿ. ಫೋನಿನಲ್ಲಿ ಬೇರೆ ಹೆಸರಿನಿಂದ ಇಟ್ಟುಕೊಳ್ಳಿ, ನಂಬರು ನೋಡಿ ರೇಗುವವರು ಬಾಸ್ಟನ್ನಿನಲ್ಲಿ ಮಾತ್ರ ಇಲ್ಲ.

ಈ ಕಾದಂಬರಿಗೆ 2022ರಲ್ಲಿ ಎರಡನೆಯ ಭಾಗವೂ ಬಂದಿದೆ. ಲಿಲಿ ಮತ್ತು ಅಟ್ಲಾಸ್ ಮುಂದೇನಾದರು, ಹಳೆಯ ಗಂಡ ಮಗುವಿನ ವಿಷಯದಲ್ಲಿ ಹೇಗೆ ನಡೆದುಕೊಂಡ ಎಂಬುದು ಅದರಲ್ಲಿದೆ. ನಮ್ಮ ಮೂವರು ಹುಡುಗಿಯರೂ ಅದನ್ನು ಓದಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅದರ ಬಗ್ಗೆಯೂ ಬಹಳ ತಕರಾರಿದೆಯಂತೆ. ನನ್ನ ಮಾತು ಸಾಕು. ಅವರು ಮುಂದೆ ಬಂದು ಹೇಳಲಿ, ತಾಯಂದಿರು ಪ್ರಶ್ನೆ ಕೇಳಲಿ.